ಚನಿಯಪ್ಪನ ಪಾಲಿನ ಪೋರ್ಟ್

"ಸೀಸೆಯ ಬಿರಡೆ ತೆಗೆದದ್ದು ಯಾರು?" ನೀಲಾವತಿ ಕೇಳಿದಳು.

ಕುಕ್ಕಪ್ಪ ತುಟಿ ಒರೆಸಿಕೊಂಡ. "ನಾನು. ಎಂತ ಆಯ್ತು?"

ಐವರ್ನಾಡಿನ ಆ ಮನೆಯ ನಡುಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅದರೆದುರು ಬಾಳೆಲೆ. ಮೂರು ವರ್ಷದ ಹಿಂದೆ ಜ್ವರದಲ್ಲಿ ತೀರಿಕೊಂಡ ಅವಳ ಗಂಡ ಚನಿಯಪ್ಪನಿಗೆ ಹಾಕಿದ ಎಲೆ. ಅವನು ಕೊಡಗಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ. ಇಂಗ್ಲೆಂಡಿಗೆ ಹೊರಟ ತೋಟದ ಬಿಳಿ ದೊರೆ ಅವನಿಗೆ ಕೊಟ್ಟುಹೋದದ್ದು ಈ ಸಿಹಿಯಾದ ಪೋರ್ಟ್ ವೈನ್. ಸೀಸೆಯ ಮೇಲೆ ಅದು ತಯಾರಾದ ವರ್ಷ ೧೯೧೨ ಎಂದಿತ್ತು. ಮಗು ಹುಟ್ಟಿದ ದಿನ ತೆರೆಯುತ್ತೇನೆ ಎನ್ನುತ್ತಿದ್ದ ಚನಿಯಪ್ಪ. ಮಗು ಹುಟ್ಟಲಿಲ್ಲ. ಈಗ ೧೯೫೮, ಜಿಲ್ಲೆಯಲ್ಲಿ ಪಾನನಿರೋಧ. ಸೀಸೆ ಭತ್ತದ ಕಣಜದೊಳಗೇ ಉಳಿದಿತ್ತು.

ಬಸ್ ಡ್ರೈವರ್ ಕುಕ್ಕಪ್ಪನನ್ನು ಅವಳು ಮದುವೆಯಾಗುವುದಕ್ಕೆ ಅತ್ತೆ ದುಗ್ಗಮ್ಮನ ಷರತ್ತು ಒಂದೇ: "ಮೊದಲು ಅದನ್ನು ನನ್ನ ಮಗನಿಗೆ ಬಡಿಸು. ಅವನದ್ದು ಆದ ಮೇಲೆ ನೀನೊಂದು ಗುಟುಕು ಕುಡಿ. ಮತ್ತೆ ಅವನ ಹಂಗಿಲ್ಲ ನಿನಗೆ."

"ಬಿರಡೆ ಮೇಲಿನ ಮೇಣ ಒಡೆದಿತ್ತು, ಮಾರಾಯ್ತಿ," ಕುಕ್ಕಪ್ಪ ಹೇಳಿದ. "ಯಾರಾದ್ರೂ ಕದ್ದು ಕುಡಿದು, ಬದಲಿಗೆ ವಿಷದ ಮರದ ಪಾಲಿಶ್ ತುಂಬಿಸಿಟ್ಟಿದ್ರೆ? ಕಡೆಗೆ ಕುಡಿಯುದು ನೀನಲ್ವಾ?"

"ನೀವು ಸತ್ತಿದ್ರೆ?"

"ಒಣದ್ರಾಕ್ಷಿ, ಬೆಲ್ಲ, ಹಳೇ ಪೆಟ್ಟಿಗೆಯ ವಾಸನೆ. ವಿಷ ಇಷ್ಟು ರುಚಿ ಇರುದಿಲ್ಲ." ಅವನ ಕಣ್ಣು ಅವಳ ಮೂಗುತಿಯ ಮೇಲೆ ನಿಂತು ನಕ್ಕಿತು.

ಅವಳಿಗೂ ನಗು ಬಂದು, ಅರ್ಧಕ್ಕೇ ನಿಂತಿತು. ಅವನ ಕೈಯ ಗ್ಲಾಸಿನ ತಳದಲ್ಲಿ ಕಪ್ಪು ಗಸಿ ಹೆಪ್ಪುಗಟ್ಟಿದ ನೆತ್ತರಿನಂತೆ ಕೂತಿತ್ತು.

"ಮೊದಲು ನೀವು ಕುಡಿದು ಇಡೀ ಸೀಸೆಯೇ ಎಂಜಲಾಯ್ತಲ್ಲ. ಎಂಜಲು ಅವರಿಗೆ ಬಡಿಸುದು ಹೇಗೆ?"

"ಯಾರಿಗೆ ಗೊತ್ತಾಗ್ತದೆ?"

"ಅವರಿಗೆ."

ಗಾಳಿ ಇರಲಿಲ್ಲ. ಆದರೂ ದೀಪ ಒಮ್ಮೆ ಕುಗ್ಗಿ ಎದ್ದಿತು. ಜಗಲಿಯಿಂದ ದುಗ್ಗಮ್ಮ ಕೇಳಿದಳು: "ಬಡಿಸಿ ಆಯ್ತಾ?"

ಕುಕ್ಕಪ್ಪ ದನಿ ತಗ್ಗಿಸಿದ. "ತಪ್ಪು ನನ್ನದು. ನಿನ್ನ ಅತ್ತೆಗೆ ನಾನೇ ಹೇಳ್ತೇನೆ. ಮದುವೆ ಬೇಡ ಅಂದ್ರೆ ನಾನು ಹೋಗ್ತೇನೆ. ಅವನ ಸಿಟ್ಟು ನಿನಗೆ ತಟ್ಟುದು ಬೇಡ." ಅವನು ಬಾಗಿಲಿನತ್ತ ತಿರುಗಿದ.

"ಆ ಗ್ಲಾಸು ಕೊಡಿ ಇಲ್ಲಿ."

ಅವಳು ಗ್ಲಾಸನ್ನು ತಿರುಗಿಸಿ, ಅವನ ತುಟಿಯ ಗುರುತು ಹುಡುಕಿದಳು.

"ನೀಲಾ, ಎಂತ ಮಾಡ್ತಿ?"

"ಗಂಡನ ಎಂಜಲು ಹೆಂಡತಿಗೆ ಆಗ್ತದೆ."

ಅಲ್ಲಿಗೇ ಬಾಯಿಟ್ಟು ಕುಡಿದಳು. ಮೊದಲು ಸಿಹಿ, ಆಮೇಲೆ ಗಂಟಲು ಸುಟ್ಟಿತು.

ದುಗ್ಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಬಡಿಸದೇ ಉಳಿದ ಬರಿ ಎಲೆ ನೋಡಿದಳು, ಸೊಸೆಯ ಕೆಂಪು ತುಟಿ ನೋಡಿದಳು. "ನನ್ನ ಮಗನಿಗೆ?"

"ಅವರಿಗೆ ಎಂತದ್ದೂ ಉಳಿಯಲಿಲ್ಲ, ಅತ್ತೆ." ನೀಲಾವತಿ ತುಟಿ ಒರೆಸಲಿಲ್ಲ. ಅವಳ ಕೈ ಕುಕ್ಕಪ್ಪನ ತೋಳು ಹಿಡಿದಿತ್ತು.

ಮುದುಕಿ ಬಯ್ಯಲಿಲ್ಲ. ಒಳಗೆ ಬಂದು ಎಲೆಯ ಪಕ್ಕ ಕೂತಳು.

"ಹೋಗಿ ನೀವಿಬ್ಬರೂ. ಬಾಗಿಲು ಎಳ್ಕೊಂಡು ಹೋಗಿ. ಹಸಿದವನ ಹತ್ತಿರ ನಾನು ಕೂತ್ಕೊಳ್ತೇನೆ."