ಇನ್ನೂರ ಇಪ್ಪತ್ತು ಕೀಗಳ ಪರದೆ

ಕೊಕ್ಕೆಯ ಕೋಣೆಗೆ ಬಾಗಿಲಿರಲಿಲ್ಲ. ಚೌಕಟ್ಟಿತ್ತು, ಹೊಸ್ತಿಲಿತ್ತು, ಬಾಗಿಲು ಮಾತ್ರ ಇರಲಿಲ್ಲ.

"ಈಗ ಬಾ ನೋಡೋಣ," ಎಂದಳು ಕೊಕ್ಕೆ, ಸ್ಟೂಲಿನಿಂದ ಇಳಿಯುತ್ತ.

ತಮ್ಮ ಎಂದಿನಂತೆ ಓಡಿಬಂದು ಒಳಗೆ ನುಗ್ಗಿದ. ಝಣ್ ಝಣ್ ಝಣ್! ಹಣೆಗೆ, ಕಿವಿಗೆ, ಮೂಗಿಗೆ ಬೀಗದ ಕೈಗಳು ಬಡಿದವು. ಗಕ್ಕನೆ ನಿಂತುಬಿಟ್ಟ.

"ಅಯ್ಯೋ! ಏನೇ ಅಕ್ಕ ಇದು?"

"ಪರದೆ. ಇನ್ಮೇಲೆ ಒಳಗೆ ಬರೋಕೆ ಮೊದ್ಲು ಕೇಳ್ಬೇಕು."

"ಯಾರನ್ನ?"

"ನನ್ನನ್ನ!"

ಮನೆಯಲ್ಲಿ ಯಾರು ಏನು ಹೇಳಿದರೂ ಒಂದು ಕೊಕ್ಕೆ ಹಾಕುವುದು ಅವಳ ಅಭ್ಯಾಸ. ಕೊಕ್ಕೆ ಎಂಬ ಅಡ್ಡಹೆಸರು ಬಂದದ್ದೇ ಹಾಗೆ. ಅಪ್ಪನದು ಬೀಗ ರಿಪೇರಿ ಕೆಲಸ, ಮನೆಯ ಮುಂದಿನ ಕೋಣೆಯೇ ಅಂಗಡಿ. ಊರವರ ಬಾಗಿಲಿಗೆಲ್ಲ ಬೀಗ ಕೂರಿಸುವ ಅಪ್ಪ, ಮಗಳು ಬಾಗಿಲು ಕೇಳಿದರೆ ಎರಡು ವರ್ಷದಿಂದ "ನೋಡೋಣ" ಎನ್ನುತ್ತಿದ್ದ. ಅವಳು ಡ್ರೆಸ್ ಬದಲಿಸುವಾಗಲೂ ತಮ್ಮ ಬಾಲ್ ಹುಡುಕಿಕೊಂಡು ಬಂದೇ ಬರುತ್ತಿದ್ದ.

ಅದಕ್ಕೇ ಭಾನುವಾರ ಬೆಳಗ್ಗೆಯಿಂದ ಕೂತು ಪರದೆ ಮಾಡಿದ್ದಳು. ಮೇಲೆ ಅಡ್ಡಕ್ಕೆ ಮುರಿದ ಕೊಡೆಯ ಕೋಲು. ಅದರಿಂದ ಇಳಿಬಿಟ್ಟ ಇಪ್ಪತ್ತು ನೈಲಾನ್ ದಾರ. ಒಂದೊಂದು ದಾರಕ್ಕೂ ಹನ್ನೊಂದು ಕೀ, ನಡುನಡುವೆ ಖಾಲಿ ಸೀಸೆಗಳ ಮುಚ್ಚಳ. ಕೀಗಳು ಸಿಕ್ಕಿದ್ದು ಅಪ್ಪನ ಮಂಚದ ಕೆಳಗಿನ ತುಕ್ಕು ಹಿಡಿದ ಡಬ್ಬದಲ್ಲಿ. ನಿಂಬೆಸಿಪ್ಪೆ ಹಾಕಿ ಉಜ್ಜಿದ್ದಕ್ಕೆ ಹಿತ್ತಾಳೆಯವು ಫಳಫಳ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಅಂಗಡಿಯಲ್ಲಿ ಗದ್ದಲ ಕೇಳಿಸಿತು. ಪಕ್ಕದ ಬೀದಿಯ ಬಸ್ ಡ್ರೈವರ್ ಬರೀ ಬನಿಯನ್ನಿನಲ್ಲಿ ನಿಂತಿದ್ದ.

"ಯೂನಿಫಾರ್ಮ್ ಬೀರು ಒಳಗೆ, ಕೀ ಚರಂಡಿ ಒಳಗೆ! ಐದು ಗಂಟೆಗೆ ಡ್ಯೂಟಿ ಅಣ್ಣ. ಹೀಗೇ ಬಸ್ ಓಡಿಸ್ಲಾ?"

"ಬೀರು ಒಡೆದುಬಿಡೋಣ್ವಾ?" ತಮ್ಮ ಬಲು ಉತ್ಸಾಹದಿಂದ ಕೇಳಿದ.

"ಒಡೆಯೋದಾದ್ರೆ ನಾನೇ ಒಡೀತಿದ್ದೆ ಮರಿ. ನಮ್ಮಮ್ಮನ ಬೀರು ಅದು."

"ಹಳೇ ಕಾಲದ ಬೀಗ," ಎಂದ ಅಪ್ಪ. "ಅಂಥ ಕೀ ಈಗ ಅಂಗಡೀಲಿ ಸಿಗಲ್ಲ. ಹೆಚ್ಚುಕಮ್ಮಿ ಅದೇ ಥರದ್ದೊಂದು ಹುಡುಕಿ, ಅರದಲ್ಲಿ ಉಜ್ಜಿ ಕೂರಿಸ್ಬೇಕು. ನನ್ನ ಡಬ್ಬದಲ್ಲಿರುತ್ತೆ, ತಡಿ."

ಕೊಕ್ಕೆ ಮೆಲ್ಲಗೆ ಹಿಂದೆ ಸರಿದಳು.

ಅಪ್ಪ ಮಂಚದ ಕೆಳಗಿಂದ ಡಬ್ಬ ಎಳೆದ. ಅದು ಹಗುರವಾಗಿ ಬಂದುಬಿಟ್ಟಿತು.

"ಯಾರು ಮುಟ್ಟಿದ್ದು ಇದನ್ನ?"

ತಮ್ಮ ಪರದೆಯ ಕಡೆ ಬೆರಳು ಚಾಚಿದ.

"ಅದು ಗುಜರಿ ಅಲ್ವಾ ಅಪ್ಪ?" ಎಂದಳು ಕೊಕ್ಕೆ.

"ಗುಜರೀನಾ? ಇಪ್ಪತ್ತು ವರ್ಷದಿಂದ ಒಂದೊಂದಾಗಿ ಕೂಡಿಟ್ಟಿದ್ದು ಕಣೇ! ಬಿಚ್ಚು. ಎಲ್ಲಾ ಬಿಚ್ಚು!"

ಈ ಸಲ ಅವಳು ಕೊಕ್ಕೆ ಹಾಕದೆ ಸ್ಟೂಲು ಹತ್ತಿ ಮೊದಲನೇ ದಾರಕ್ಕೆ ಕತ್ತರಿ ಇಟ್ಟಳು.

"ಏ, ನಿಲ್ಸು," ಎಂದ ಅಪ್ಪ.

ಅವನು ಪರದೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ. ಡಬ್ಬ ನೆಲಕ್ಕೆ ಸುರುವಿ ಹುಡುಕಿದ್ದರೆ ಒಂದು ಗಂಟೆ ಹಿಡಿಯುತ್ತಿತ್ತು. ಇಲ್ಲಿ ಎಲ್ಲ ಕಣ್ಣೆದುರಿಗೇ ನೇತಾಡುತ್ತಿದ್ದವು.

"ಏಳನೇ ದಾರ, ಕೆಳಗಿಂದ ಮೂರನೇದು. ಅದೊಂದನ್ನ ಕೊಡು."

ಅವಳು ಅದೊಂದನ್ನೇ ಬಿಡಿಸಿಕೊಟ್ಟು, ದಾರಕ್ಕೆ ಮತ್ತೆ ಗಂಟು ಹಾಕಿದಳು.

ಐದೂ ಕಾಲಿಗೆ ಬೀದಿಯಲ್ಲಿ ಹೋದ ಬಸ್ಸು ಮನೆಯ ಮುಂದೆ ಎರಡು ಸಲ ಹಾರ್ನ್ ಮಾಡಿತು.

"ಮಿಕ್ಕಿದ್ದು ಬಿಚ್ಚಲಾ?" ಕೊಕ್ಕೆ ಮೆಲ್ಲಗೆ ಕೇಳಿದಳು.

"ಬೇಡ. ಆದ್ರೆ ಚಪ್ಪಟೆ ಕೀ, ತೂತಿನ ಕೀ ಎಲ್ಲಾ ಕಲಸಿಬಿಟ್ಟಿದ್ದೀಯ. ಬೇರೆ ಬೇರೆ ದಾರಕ್ಕೆ ಹಾಕು. ಮುಂದಿನ ಸಲ ನನ್ನ ಡಬ್ಬ ಮುಟ್ಟೋಕೆ ಮುಂಚೆ ಕೇಳು."

"ಹಾಗೆ ಹಾಕಿದ್ರೆ ಚೆನ್ನಾಗಿ ಕಾಣಲ್ವಲ್ಲ?"

"ಬಂತು ನೋಡು ಕೊಕ್ಕೆ!" ಅಡುಗೆಮನೆಯಿಂದ ಅಮ್ಮನ ನಗು ಕೇಳಿಸಿತು.

ಎರಡು ದಿನ ಬಿಟ್ಟು ಅಪ್ಪ ಪರದೆಯ ಹೊರಗೆ ನಿಂತು ಕೆಮ್ಮಿದ.

"ಬರಬಹುದಾ? ಒಂದು ಸಣ್ಣ ಕೀ ಬೇಕಿತ್ತು."

ಕೊಕ್ಕೆ ಪುಸ್ತಕದಿಂದ ತಲೆಯೆತ್ತಿದಳು. ಆ ಕೋಣೆಗೆ ಬರಲು ಯಾರಾದರೂ ಅವಳನ್ನು ಕೇಳಿದ್ದು ಅದೇ ಮೊದಲು.

"ಯಾರಿಗೆ?"

"ಟೈಲರ್ ಅಜ್ಜಿಗೆ. ಮೆಷಿನ್ ಪೆಟ್ಟಿಗೆ ತೆಗೀಬೇಕಂತೆ."

"ಹೂಂ, ಬಾ."

ಅಪ್ಪ ಹೋದಮೇಲೆ ಆ ಖಾಲಿ ಜಾಗಕ್ಕೆ ಮುಚ್ಚಳ ಕಟ್ಟಲು ಹೊರಟಳು. ಬೀದಿಯಾಚೆಯಿಂದ ಅಜ್ಜಿಯ ಹೊಲಿಗೆ ಮೆಷಿನ್ನಿನ ಟಕಟಕ ಸದ್ದು ಶುರುವಾಯಿತು. ಆ ಜಾಗ ಖಾಲಿಯೇ ಇರಲಿ ಎಂದು ಮುಚ್ಚಳವನ್ನು ಮೇಜಿನ ಮೇಲಿಟ್ಟಳು.

ತಿಂಗಳ ಕೊನೆಗೆ ಪರದೆಯಲ್ಲಿದ್ದ ಕೀಗಳನ್ನು ಎಣಿಸಿದಳು. ಒಂಬತ್ತು ಕಮ್ಮಿ. ಡ್ರೈವರ್‌ ಬೀರುವಿಗೆ ಒಂದು, ಮೆಷಿನ್ ಪೆಟ್ಟಿಗೆಗೆ ಒಂದು, ಯಾರ್‍ಯಾರದೋ ಟ್ರಂಕುಗಳಿಗೆ ಆರು, ತಮ್ಮ ಎಳೆದು ಕಳೆದದ್ದು ಒಂದು.