ಸರಿದ ಪೀಪಾಯಿ

ದೋಣಿಮನೆಯ ಮಾಲೀಕ ಬೆಳಿಗ್ಗೆ ಏಳೂವರೆಗೆ ಠಾಣೆಗೆ ಬಂದಾಗ ಅವನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಹಿಂದಿನ ಸಂಜೆ ಅವನ ಅಳಿಯ ಮೋಟಾರು ಬೋಟಿನಲ್ಲಿ ಸರೋವರದ ದ್ವೀಪಗಳತ್ತ ಹೋಗಿದ್ದ. ದೊಡ್ಡ ದ್ವೀಪದ ಹಿಂಬದಿಯಲ್ಲಿ ಬೋಟು ನೀರಿನಡಿಯ ಬಂಡೆಗೆ ಬಡಿದು ಅವನ ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿದ್ದ ಅವನಿಗೆ ಇನ್ನೂ ಎಚ್ಚರವಾಗಿರಲಿಲ್ಲ.

"ಬೇರೆಲ್ಲದರಲ್ಲೂ ನನ್ನ ಅಳಿಯ ದಡ್ಡ ಇರಬಹುದು ಸರ್, ಬೋಟು ಬಿಡೋದ್ರಲ್ಲಿ ಅಲ್ಲ. ಪೀಪಾಯಿ ನೋಡ್ಕೊಂಡೇ ಹೋಗಿದ್ದಾನೆ. ಯಾರೋ ಪೀಪಾಯಿನೇ ಸರಿಸಿದ್ದಾರೆ."

ಸರೋವರದಲ್ಲಿ ಆಳವಾದ ದಾರಿಯನ್ನು ತೋರಿಸುವುದು ತೇಲುವ ಬಿಳಿ ಪೀಪಾಯಿಗಳು. ಹಗ್ಗದ ತುದಿಗೆ ಕಲ್ಲು ಕಟ್ಟಿ ತಳಕ್ಕೆ ಇಳಿಬಿಟ್ಟಿರುತ್ತಾರೆ. ಬೋಟಿನವರು ಅವುಗಳ ಪಕ್ಕದಲ್ಲೇ ಸಾಗುತ್ತಾರೆ. ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು, ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಿಸಿದ. ಈ ಠಾಣೆಗೆ ಅವನು ಬಂದು ಆರು ತಿಂಗಳಾಗಿದ್ದರೂ ನೀರಿಗೆ ಇಳಿಯುವ ಪ್ರಕರಣ ಇದೇ ಮೊದಲು. ಅಳಿಯ ಕಣ್ಣು ಬಿಡದೇ ಹೋದರೆ ಹಾಕಬೇಕಾದ ಕಲಮೇ ಬೇರೆ.

ಸ್ಥಳ ತೋರಿಸಲು ಸಿಕ್ಕಿದವಳು ದೋಣಿಮನೆಯ ಚಾಲಕಿ. ಎಲ್ಲರ ಬಾಯಲ್ಲಿ ಅವಳು ಬೋಟಕ್ಕ. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡಿದ್ದವಳು ಮೊದಲು ಕೇಳಿದ್ದು ಒಂದೇ: "ಅವರಿಗೆ ಎಚ್ಚರ ಆಯ್ತಾ ಸರ್?"

"ಇಲ್ಲ."

ಅವಳು ತಲೆ ತಗ್ಗಿಸಿ ಎಂಜಿನ್ನಿನ ದಾರ ಎಳೆದಳು.

ಈಜು ಬಾರದ ದಫೇದಾರ ಎರಡು ಲೈಫ್ ಜಾಕೆಟ್ ತೊಟ್ಟು ಬಂದಿದ್ದ. "ಒಂದು ಸಾಕು ದಫೇದಾರ್ರೇ," ಅಂದಳು ಬೋಟಕ್ಕ. "ಒಂದು ನಂಗೆ, ಇನ್ನೊಂದು ನನ್ನ ಹೊಟ್ಟೆಗೆ ಕಣಮ್ಮ," ಅಂದ ಅವನು. ಪಂಚಸಾಕ್ಷಿಗಳಾಗಿ ಬಂದಿದ್ದ ಇಬ್ಬರು ಮೀನುಗಾರರು ನಕ್ಕರು. ಅವಳು ನಗಲಿಲ್ಲ.

ಮಂಜು ಇನ್ನೂ ಕರಗಿರಲಿಲ್ಲ. ದ್ವೀಪಗಳು ನೀರಿನಿಂದ ಒಂದು ಗೇಣು ಮೇಲೆ ತೂಗುಬಿದ್ದಂತಿದ್ದವು. ತಾವು ನಿಂತಲ್ಲೇ ನಿಂತಿದ್ದೇವೆ, ದ್ವೀಪಗಳೇ ಒಂದೊಂದಾಗಿ ಬಂದು ಮುಖ ನೋಡಿ ಹೋಗುತ್ತಿವೆ ಎಂದು ಇನ್ಸ್‌ಪೆಕ್ಟರನಿಗೆ ಅನ್ನಿಸಿತು. ಆ ಮಂಜಿನೊಳಗೆ ಎಂಜಿನ್ನಿನ ಸದ್ದು ಕೂಡ ನಿದ್ದೆಯಲ್ಲಿ ಯಾರೋ ಗೊಣಗಿದಂತಿತ್ತು.

ದ್ವೀಪದ ಹಿಂಬದಿಯಲ್ಲಿ ನೀರಿಗಿಂತ ಕಳೆಯೇ ಹೆಚ್ಚಿತ್ತು. ಬೋಟಕ್ಕ ಲೆಕ್ಕಿಸದೆ ಅದರೊಳಗೇ ನುಗ್ಗಿಸಿದಳು. ಬಂಡೆಗೆ ಅಂಟಿದ್ದ ಬೋಟಿನ ನೀಲಿ ಬಣ್ಣ, ಪಕ್ಕದಲ್ಲಿ ತೇಲುತ್ತಿದ್ದ ಪೀಪಾಯಿ, ಅದರ ಹಗ್ಗದ ಗಂಟು, ಎಲ್ಲವೂ ಪಂಚನಾಮೆಯಲ್ಲಿ ಸೇರಿದವು.

"ಪೀಪಾಯಿ ನೋಡ್ಕೊಳ್ಳೋರು ಯಾರು?"

"ನಾನೇ ಸರ್."

"ಸರಿದದ್ದು ಗೊತ್ತಾಗಲಿಲ್ವಾ?"

"ಇಲ್ಲ." ಅವಳು ಬಂಡೆಯನ್ನೇ ನೋಡುತ್ತಿದ್ದಳು. "ಹೋದ ತಿಂಗಳು ಇದರ ಮೇಲೆ ನನ್ನ ಹುಟ್ಟು ಪೂರ್ತಿ ಮುಳುಗೋಷ್ಟು ನೀರಿತ್ತು."

"ಆಮೇಲೆ ಗದ್ದೆಗೆ ತೂಬು ತೆಗೆದ್ರಲ್ಲ, ನೀರು ಇಳೀತು," ಅಂದ ಒಬ್ಬ ಪಂಚ.

ಯಾರೂ ಹೋಗದ ಕಡೆ ಇವಳು ಹುಟ್ಟು ಇಳಿಸಿ ಆಳ ನೋಡಿದ್ದೇಕೆ? ಇನ್ಸ್‌ಪೆಕ್ಟರ್ ಕೇಳಲಿಲ್ಲ. ಕೆಲವು ಪ್ರಶ್ನೆಗಳನ್ನು ಕೇಳದೆ ಇಟ್ಟುಕೊಳ್ಳುವುದು ಅವನ ರೂಢಿ.

ಪೀಪಾಯಿ ಮೊದಲಿದ್ದ ಜಾಗ ದ್ವೀಪದ ಈಚೆಗೆ, ಹಳೆಯ ದಾರಿಯಲ್ಲಿತ್ತು. ಅಲ್ಲಿಗೆ ಬರುತ್ತಲೇ ಬೋಟಕ್ಕ ಎಂಜಿನ್ ನಿಲ್ಲಿಸಿ, ಅದರ ರೆಕ್ಕೆಗಳನ್ನು ನೀರಿನಿಂದ ಮೇಲೆತ್ತಿ, ಹುಟ್ಟು ಹಿಡಿದಳು.

"ಯಾಕಮ್ಮಾ?"

"ಕಳೆ ಸಿಕ್ಕಿಕೊಳ್ಳುತ್ತೆ ಸರ್."

ಅವನು ನೀರಿಗೆ ಕೈ ಬಿಟ್ಟ. ಒಂದೆಳೆ ಕಳೆಯೂ ಇರಲಿಲ್ಲ. ಬೆಳಕು ಹಸಿರಾಗುತ್ತಾ ಕೆಳಗಿಳಿದು ಎಲ್ಲೋ ಕರಗಿಹೋಗಿತ್ತು. ಅವಳು ತೊಟ್ಟಿಲ ಪಕ್ಕ ನಡೆಯುವವರಂತೆ, ಸದ್ದಾಗದ ಹಾಗೆ ಹುಟ್ಟು ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬಂದ ಸುದ್ದಿ ಹಿಂದಿನ ದಿನದ್ದೇ: ಎಚ್ಚರವಾಗಿಲ್ಲ. ಇನ್ಸ್‌ಪೆಕ್ಟರ್ ದಫೇದಾರನೊಬ್ಬನನ್ನೇ ಕರೆದುಕೊಂಡು ದೋಣಿಮನೆಗೆ ಹೋಗಿ ಬೋಟಕ್ಕನನ್ನು ಹೊರಡಿಸಿದ. ಹಳೆಯ ದಾರಿಗೆ ಬಂದಾಗ ಅವಳ ಕೈ ಮತ್ತೆ ಎಂಜಿನ್ ನಿಲ್ಲಿಸಿತು.

"ಇವತ್ತು ಎಂಜಿನ್ನಲ್ಲೇ ದಾಟೋಣ," ಅಂದ ಇನ್ಸ್‌ಪೆಕ್ಟರ್.

"ಕಳೆ..."

"ನಿನ್ನೆ ಕಳೆ ಇದ್ದ ಕಡೆ ಎಂಜಿನ್ ಓಡಿಸಿದೆ. ಇಲ್ಲಿ ಕಳೆಯೇ ಇಲ್ಲ. ಆ ಬಂಡೆ ಮೇಲಿನ ಆಳ ಯಾಕೆ ನೋಡಿದ್ದೆ?"

ಅವಳು ಹುಟ್ಟಿಗೆ ಕೈ ಚಾಚಿದಳು. ಅವನು ಬಗ್ಗಿ ಎಂಜಿನ್ನಿನ ದಾರಕ್ಕೆ ಕೈ ಹಾಕಿದ. ಅವಳು ಅವನ ಮಣಿಕಟ್ಟು ಹಿಡಿದಳು. ಹಿಡಿತ ಉಡದ ಹಿಡಿತ; ದನಿ ಮಾತ್ರ ಪಿಸುಮಾತು.

"ಬೇಡ ಸರ್. ಅವನು ಮಲಗಿದ್ದಾನೆ."

ದಫೇದಾರನ ಮುಖ ಬಿಳಿಚಿತು. "ಇವಳ ತಮ್ಮ ಸರ್. ನೀವು ಬರೋಕೆ ಮುಂಚೆ. ಈಜೋಕೆ ಅಂತ ಇಲ್ಲಿ ಹಾರಿದ್ದ. ಮುಳುಗು ತಜ್ಞರನ್ನ ಕರೆಸಿ ಹುಡುಕಿದ್ವಿ, ಸಿಗಲಿಲ್ಲ."

"ದಿನಾ ನಾನೇ ಜನರನ್ನ ಕೂರಿಸ್ಕೊಂಡು ಅವನ ಮೇಲೆ ಹೋಗಬೇಕಿತ್ತು," ಅಂದಳು ಬೋಟಕ್ಕ. "ಚಿಕ್ಕಂದಿನಲ್ಲಿ ಅವನು ಫ್ಯಾನ್ ಸದ್ದಿಗೂ ಏಳ್ತಿದ್ದ ಸರ್. ನಾನು ಆರಿಸಿ, ಬೀಸಣಿಗೆ ಬೀಸಿ ಮಲಗಿಸ್ತಿದ್ದೆ. ಪೀಪಾಯಿನ ಆ ಕಡೆ ಕಟ್ಟಿದ್ರೆ ಎಲ್ಲರೂ ಸುತ್ತಿ ಹೋಗ್ತಾರೆ ಅಂದ್ಕೊಂಡೆ. ಆಳ ನೋಡೇ ಕಟ್ಟಿದ್ದು. ತೂಬು ತೆಗೀತಾರೆ ಅನ್ನೋದು ತಲೆಗೇ ಬರಲಿಲ್ಲ."

"ಮಾಲೀಕನಿಗೆ ಹೇಳಬಹುದಿತ್ತಲ್ಲ?"

"ಏನಂತ ಹೇಳಲಿ ಸರ್?"

ಇನ್ಸ್‌ಪೆಕ್ಟರ್ ಅವಳನ್ನು ಬಂಧಿಸುತ್ತಿರುವುದಾಗಿ ತಿಳಿಸಿ, ಮಹಿಳಾ ಪೇದೆಯನ್ನು ದಡಕ್ಕೆ ಕಳಿಸುವಂತೆ ಠಾಣೆಗೆ ಫೋನ್ ಮಾಡಿದ. ಆ ಕಡೆಯಿಂದ ಇನ್ನೊಂದು ಸುದ್ದಿ ಬಂತು. ಕೇಳಿಸಿಕೊಂಡು ಅವಳತ್ತ ತಿರುಗಿದ.

"ಅಳಿಯ ಕಣ್ಣು ಬಿಟ್ಟಿದ್ದಾನೆ. ಬೋಟಿಗೇನಾಯ್ತು ಅಂತ ಮಾವನನ್ನ ಕೇಳಿದನಂತೆ."

ಬೋಟಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತರೂ ಸದ್ದು ಬರಲಿಲ್ಲ.

ಮುಖ ಒರೆಸಿಕೊಂಡು ಕೇಳಿದಳು: "ಪೀಪಾಯಿ ವಾಪಸ್ ಇಲ್ಲಿಗೇ ಬರುತ್ತಾ ಸರ್?"

"ಬರಲೇಬೇಕಲ್ಲ."

"ಬೋಟುಗಳೂ ಓಡ್ತವೆ."

"ಓಡ್ತವೆ." ಅವನು ನೀರು ನೋಡಿದ. "ಇವತ್ತು ಓಡಲ್ಲ."

ಅವನು ಹುಟ್ಟನ್ನು ದಫೇದಾರನಿಗೆ ಚಾಚಿದ. ಎರಡು ಜಾಕೆಟ್ಟುಗಳ ನಡುವೆ ಕೈ ಆಡಿಸಲಾಗದೆ ಅವನು ಒಂದನ್ನು ಬಿಚ್ಚಿಟ್ಟ. ಹುಟ್ಟು ನೀರಿಗೆ ಬಡಿದು ಛಳ್ಳೆಂದಿತು.

"ಮೆಲ್ಲಗೆ," ಅಂದಳು ಬೋಟಕ್ಕ.

"ಆಯ್ತಮ್ಮ," ಎಂದು ದಫೇದಾರ ಪಿಸುಗುಟ್ಟಿದ.