ಆರನೇ ಬೋಲ್ಟಿನ ಹಸಿರು ಗೆರೆ

ಗ್ಯಾರೇಜಿನ ಬಾಗಿಲಲ್ಲಿ ನಿಂತವನನ್ನು ಕಂಡು ಎಸ್ತೆಲಾಳ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ನೆಲಕ್ಕೆ ಬಿತ್ತು.

ಆಮಾದೋ... ಇವನು ಇಲ್ಲಿಗೆ ಯಾಕೆ ಬಂದ?

ಎರಡು ವರ್ಷದಿಂದ ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅವನೇ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ನಿಂತಿದ್ದ. ಗಡ್ಡ ಬಿಟ್ಟಿದ್ದ. ತೆಳ್ಳಗಾಗಿದ್ದ. ಅದನ್ನೆಲ್ಲ ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ನಾನೇ ಕರೆಸಿದ್ದು," ಎಂದರು ಮೂಲೆಯ ಕುರ್ಚಿಯಲ್ಲಿ ಊರುಗೋಲು ಹಿಡಿದು ಕೂತಿದ್ದ ಅಪ್ಪ ಫಿದೆಲ್. "ಕಿಡಿ ಹಚ್ಚೋ ಹೊಸ ಕಾಯಿಲ್ ಕೂರಿಸಿದ್ಮೇಲೆ ಗಾಡಿ ಕಂಪ್ಯೂಟರಿಗೆ ಅದನ್ನ ಹೇಳ್ಕೊಡೋರು ಯಾರು? ನೀನಾ? ನಾನಾ?"

ಎಸ್ತೆಲಾ ಬಗ್ಗಿ ಸ್ಪ್ಯಾನರ್ ಎತ್ತಿಕೊಂಡಳು. ಇಡೀ ಎಸ್ಪಾನ್ಯೋಲಾ ಕಣಿವೆಯಲ್ಲಿ ಆ ಕೆಂಪು ಟರ್ಬೊ ಕಾರಿನ ಕಂಪ್ಯೂಟರನ್ನು ಬಲ್ಲವನು ಇವನೊಬ್ಬನೇ. ನಾಳೆ ಭಾನುವಾರ ಬೆಟ್ಟದ ರೇಸು. ಇವತ್ತು ಸಂಜೆ ಐದರೊಳಗೆ ಕಾರು ತಪಾಸಣೆಗೆ ಹೋಗಬೇಕು. ಆಗಲೇ ಹನ್ನೊಂದಾಗಿತ್ತು.

ನಾಳೆ ಸ್ಟೀರಿಂಗ್ ಹಿಡಿಯುವವರು ಅಪ್ಪ. ವೈದ್ಯರೂ ಹೂಂ ಎಂದಿದ್ದರು. ಎಸ್ತೆಲಾಳ ಎದೆ ಮಾತ್ರ ಒಂದು ವಾರದಿಂದ ಹೂಂ ಎನ್ನುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅದೇ ಬೆಟ್ಟದ ಏಳನೇ ತಿರುವಿನಲ್ಲಿ ಇದೇ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ಉಸಿರು ನಿಲ್ಲಿಸಿತ್ತು. ಕಾರು ಹಳ್ಳಕ್ಕೆ ಹೋಯಿತು. ಅಪ್ಪನ ಸೊಂಟದ ಮೂಳೆ ಮುರಿಯಿತು. ಬಾನೆಟ್ ಎತ್ತಿ ನೋಡಿದರೆ ಆರನೇ ಕಾಯಿಲಿನ ಬೋಲ್ಟು ಸಡಿಲ, ಅದು ಹಿಡಿದಿದ್ದ, ಆರೂ ಕಾಯಿಲ್‌ಗಳ ಕರೆಂಟಿಗೆ ಬೇಕಾದ ಅರ್ಥಿಂಗ್ ವೈರು ಹೊರಗೆ! ಬೋಲ್ಟಿನ ತಲೆಯ ಮೇಲೆ ಹಸಿರು ಗೆರೆ. ಉಳಿದ ಐದನ್ನು ನೋಡುವ ವ್ಯವಧಾನ ಆಗ ಯಾರಿಗೂ ಇರಲಿಲ್ಲ.

ಈ ಗೆರೆಯ ಪದ್ಧತಿ ಫಿದೆಲ್ ಮಾಡಿದ್ದು. ಬೋಲ್ಟು ಬಿಗಿ ಮಾಡಿದವರು ಅದರ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಬೇಕು. ಇದಕ್ಕೆ ನಾನು ಹೊಣೆ ಎಂದು ಅದರರ್ಥ. ಬೇರೆಯವರು ಅದನ್ನು ಬಿಚ್ಚಿದರೆ ಮೊದಲು ಹಳೆಯ ಗೆರೆ ಒರೆಸಬೇಕು, ಬಿಗಿ ಮಾಡಿದ ಮೇಲೆ ತಮ್ಮದನ್ನು ಎಳೆಯಬೇಕು. ಎಸ್ತೆಲಾಳ ಬಣ್ಣ ಹಳದಿ. ಆಮಾದೋನದು ಹಸಿರು.

ಇನ್ನೇನು ಸಾಕ್ಷಿ ಬೇಕಿತ್ತು? ಆಸ್ಪತ್ರೆಯ ಪಡಸಾಲೆಯಲ್ಲಿ ಹತ್ತು ಜನರ ಮುಂದೆ ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಅವನ ಜೇಬಿನ ಹಸಿರು ಪೆನ್ನು ಕಿತ್ತು ಕಸದ ಬುಟ್ಟಿಗೆ ಎಸೆದಿದ್ದಳು. ಅವನು ತುಟಿ ಬಿಚ್ಚಿರಲಿಲ್ಲ. ಅದಕ್ಕೂ ಒಂದು ವಾರ ಮೊದಲು ಇದೇ ಬೆಂಚಿನ ಮೇಲೆ ಕೂತು, ಒಂದೇ ಬುರಿಟೊವನ್ನು ಇಬ್ಬರೂ ಕಚ್ಚಿ ತಿನ್ನುತ್ತಾ ಮದುವೆಯ ಮಾತಾಡಿದ್ದರು...

"ನೀನು ಕಂಪ್ಯೂಟರ್ ಮುಟ್ಟು. ಬೋಲ್ಟಿಗೆ ಕೈ ಹಾಕ್ಬೇಡ," ಎಂದಳು.

"ಸರಿ. ಮುಗಿದ ತಕ್ಷಣ ಹೊರಡ್ತೀನಿ. ಟೆಕ್ಸಸ್‌ನಲ್ಲಿ ಕೆಲಸ ಸಿಕ್ಕಿದೆ. ಸೋಮವಾರ ಅಲ್ಲಿರ್ಬೇಕು."

ಟೆಕ್ಸಸ್! ಹೋಗಲಿ, ನನಗೇನು? ಹಾಗಂತ ಅವಳು ತನಗೆ ಎರಡು ಸಲ ಹೇಳಿಕೊಂಡಳು. ಒಂದು ಸಲಕ್ಕೆ ನಂಬಿಕೆ ಬಂದಿರಲಿಲ್ಲ.

ಹಳೆಯ ಕಾಯಿಲ್‌ಗಳು ಮೊದಲಿಂದಲೂ ಬಡಪಾಯಿಗಳು. ಟರ್ಬೊ ಜೋರಾಗಿ ಗಾಳಿ ನುಗ್ಗಿಸಿದಾಗ, ಬಾಗಿಲ ಬಳಿಯ ದೀಪದ ಹಾಗೆ ಅವುಗಳ ಕಿಡಿ ಆರಿಹೋಗುತ್ತಿತ್ತು. ಕಾರಿನ ಉಳಿದ ಭಾಗಗಳನ್ನೆಲ್ಲ ಎಸ್ತೆಲಾ ಈ ವಸಂತದಲ್ಲಿ ಒಂದೊಂದಾಗಿ ಸರಿಮಾಡಿದ್ದಳು. ಕಾಯಿಲ್‌ಗಳ ಮೇಲಿನ ಮುಚ್ಚಳವನ್ನು ಮಾತ್ರ ಅಪಘಾತದ ದಿನ ಮುಚ್ಚಿದ್ದು, ತೆಗೆಯುವ ಧೈರ್ಯ ಬಂದಿರಲಿಲ್ಲ.

ಇವತ್ತು ತೆಗೆದಳು. ಒಳಗೆ ಧೂಳು, ಎಣ್ಣೆಯ ಜಿಡ್ಡು. ಕಾಯಿಲ್‌ಗಳನ್ನು ಹಿಡಿದಿಡುವ ಹಳೆಯ ಲೋಹದ ಪಟ್ಟಿಯೂ ಬೋಲ್ಟುಗಳೂ ಹೇಗೂ ಕಸಕ್ಕೆ ಹೋಗುವಂಥವು, ಹೊಸ ಕಾಯಿಲ್‌ಗಳಿಗೆ ಹೊಸ ಪಟ್ಟಿಯೇ ಬಂದಿತ್ತು. ಆದರೂ ಅಭ್ಯಾಸಬಲ ನೋಡಿ, ಬಟ್ಟೆ ತಗೊಂಡು ಮೊದಲ ಬೋಲ್ಟು ಒರೆಸಿದಳು.

ಹಸಿರು ಗೆರೆಯಿತ್ತು. ಆದರೆ ಮುರಿದಿತ್ತು. ಬೋಲ್ಟಿನ ತಲೆಯ ಮೇಲಿನ ಅರ್ಧ ಒಂದು ಕಡೆ, ಲೋಹದ ಮೇಲಿನ ಅರ್ಧ ಇನ್ನೊಂದು ಕಡೆ. ಗೆರೆ ಎಳೆದ ಮೇಲೆ ಯಾರೋ ಬೋಲ್ಟು ತಿರುಗಿಸಿದ್ದರು. ಪಕ್ಕದಲ್ಲೇ ಇನ್ನೊಂದು ಗೆರೆ.

ಹಳದಿ.

ಎರಡನೆಯದನ್ನು ಒರೆಸಿದಳು. ಹಳದಿ. ಮೂರು, ನಾಲ್ಕು, ಐದು... ಎಲ್ಲದರ ಮೇಲೂ ಮುರಿದ ಹಸಿರು, ಅದರ ಪಕ್ಕ ಹಳದಿ. ಆರನೆಯದರಲ್ಲಿ ಮುರಿದ ಹಸಿರು ಮಾತ್ರ.

ಆಸ್ಪತ್ರೆಯ ಗಾಬರಿ ನುಂಗಿದ್ದ ಆ ರೇಸಿನ ಬೆಳಗು ಈಗ ಸ್ವಲ್ಪಸ್ವಲ್ಪವಾಗಿ ನೆನಪಾಯಿತು. ಕಿಡಿ ಆರದಿರಲೆಂದು ಪ್ಲಗ್‌ಗಳ ತುದಿಯ ಸಂದು ಕಿರಿದು ಮಾಡಲು, ಬೆಟ್ಟದ ಬುಡದಲ್ಲಿ ಆರೂ ಬೋಲ್ಟು ಬಿಚ್ಚಿದವಳು ತಾನೇ. ಆತುರದಲ್ಲಿ ಹಸಿರು ಗೆರೆ ಒರೆಸಿರಲಿಲ್ಲ. ಐದು ಬಿಗಿ ಮಾಡಿ ಗೆರೆ ಎಳೆಯುವಷ್ಟರಲ್ಲಿ ಅಪ್ಪನ ಸರದಿ ಕೂಗಿದರು. ಆರನೆಯದನ್ನು ಕೈಯಲ್ಲೇ ತಿರುಗಿಸಿ ಮುಚ್ಚಳ ಹಾಕಿದ್ದಳು...

ನಾನು. ಅಪ್ಪನನ್ನು ಹಳ್ಳಕ್ಕೆ ಹಾಕಿದವಳು ನಾನು.

ತಲೆ ಎತ್ತಿದಳು. ಆಮಾದೋ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದ. ಅಪ್ಪ ರೇಡಿಯೊ ತಿರುವುತ್ತಿದ್ದರು. ಯಾರೂ ನೋಡಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದೂ ಇಲ್ಲ. ಬೋಲ್ಟು ಕಸಕ್ಕೆ, ಇವನು ಟೆಕ್ಸಸ್‌ಗೆ... ಅಲ್ಲಿಗೆ ಮುಗಿಯಿತು.

ಆರನೇ ಬೋಲ್ಟನ್ನೂ ಅದರ ಕೆಳಗಿನ ಪಟ್ಟಿಯ ತುಂಡನ್ನೂ ಕಳಚಿ ಬೆಂಚಿನ ಖಾನೆಯಲ್ಲಿಟ್ಟಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ಮೂರು ಗಂಟೆಯನ್ನು ಬಾನೆಟ್ಟಿನ ಕೆಳಗೇ ಕಳೆದಳು. ಹೊಸ ಪಟ್ಟಿ ಕೂರಿಸಿದಳು. ಆರು ಕಾಯಿಲ್‌ಗಳನ್ನು ಒಂದೊಂದು ಪ್ಲಗ್ಗಿನ ಮೇಲೂ ಒತ್ತಿ ಕೂರಿಸಿದಳು. ವೈರಿನ ತಲೆಗಳನ್ನು ಕ್ಲಿಕ್ ಎನ್ನುವವರೆಗೆ ಸಿಕ್ಕಿಸಿ, ಬಿಗಿಯ ಅಳತೆ ಸೇರಿದಾಗ ಟಿಕ್ ಎನ್ನುವ ಸ್ಪ್ಯಾನರಿನಲ್ಲಿ ಬೋಲ್ಟು ತಿರುಗಿಸಿದಳು. ಟಿಕ್ ಕೇಳಿದರೂ ನಂಬದೆ ಮತ್ತೆ ತಿರುಗಿಸಿ ನೋಡಿ, ಆಮೇಲೆ ಹಳದಿ ಗೆರೆ ಎಳೆದಳು. ಈ ಕೈಯನ್ನು ಹೇಗೆ ನಂಬುವುದು?

ಕಾಯಿಲ್‌ಗಳಿಗೆ ಎಷ್ಟು ಹೊತ್ತು ಕರೆಂಟು ತುಂಬಬೇಕು ಎಂಬ ಲೆಕ್ಕವನ್ನು ಆಮಾದೋ ಬದಲಿಸಿದ. ಹಳೆಯ ಲೆಕ್ಕವೇ ಉಳಿದಿದ್ದರೆ ಹೊಸ ಕಾಯಿಲ್ ಇದ್ದೂ ಉಪಯೋಗವಿರಲಿಲ್ಲ. ನಾಲ್ಕು ಗಂಟೆಗೆ ಎಂಜಿನ್ ಎದ್ದಿತು. ಟರ್ಬೊ ಏರಿದರೂ ಒಂದು ಬಿಕ್ಕಳಿಕೆಯಿಲ್ಲ! ಅಪ್ಪ ಊರುಗೋಲಿನಿಂದ ನೆಲ ಕುಟ್ಟಿ ನಕ್ಕರು.

ಆಮಾದೋ ಲ್ಯಾಪ್‌ಟಾಪ್ ಮುಚ್ಚಿ, ಚೀಲ ಹೆಗಲಿಗೇರಿಸಿ ಅಪ್ಪನ ಕೈ ಕುಲುಕಿದ. ಅವಳ ಕಡೆ ತಲೆಯಾಡಿಸಿ ಬಾಗಿಲ ಹತ್ತಿರ ಹೋದ.

ಈಗ ಹೇಳದಿದ್ದರೆ ಇನ್ನು ಯಾವಾಗ? ಹೇಳಿದರೆ ಅಪ್ಪ ಮತ್ತೆ ನನ್ನ ಮುಖ ನೋಡುತ್ತಾರಾ? ಇವನು?

"ಆಮಾದೋ, ನಿಲ್ಲು."

ಖಾನೆಯಿಂದ ಆ ಬೋಲ್ಟು, ಆ ತುಂಡು ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. ಉಳಿದ ಐದರ ಹಳದಿಯನ್ನೂ, ಆ ಬೆಳಗನ್ನೂ, ಒಂದೂ ಬಿಡದೆ ಅಪ್ಪನಿಗೂ ಕೇಳುವಂತೆ ಹೇಳಿದಳು. ಮಾತು ಮುಗಿಯುವಷ್ಟರಲ್ಲಿ ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಆಮಾದೋ ಬೋಲ್ಟಿನ ಕಡೆ ನೋಡಲೇ ಇಲ್ಲ.

"ನಿಂಗೆ ಗೊತ್ತಿತ್ತು..." ಎಂದಳು ನಿಧಾನಕ್ಕೆ.

"ನೀನು ಬಿಚ್ಚಿದ್ದನ್ನ ನೋಡಿದ್ದೆ. ಅವತ್ತು ಆಸ್ಪತ್ರೇಲಿ ನಿನ್ನ ಮುಖ ನೋಡಿದ್ರೆ... ಅದ್ರ ಮೇಲೆ ಇದನ್ನೂ ಹೊರಿಸೋಕೆ ನಂಗೆ ಮನಸ್ಸು ಬರ್ಲಿಲ್ಲ, ಎಸ್ತೆಲಾ. ಯಾರನ್ನಾದ್ರೂ ದ್ವೇಷಿಸಿದ್ರೆ ನೀನು ಉಳ್ಕೋತೀಯಾ ಅನ್ನಿಸ್ತು. ನನ್ನನ್ನೇ ದ್ವೇಷಿಸ್ಲಿ ಅಂದ್ಕೊಂಡೆ."

ಕರಗಬೇಕಿತ್ತು ಅವಳು. ಬದಲಿಗೆ ಉರಿದುಬಿದ್ದಳು.

"ಎರಡು ವರ್ಷ! ನಂಗೆ ಹೊರೋ ಶಕ್ತಿ ಇಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಯಾ? ದಿನಾ ನಿನ್ನನ್ನ ಬೈಕೊಂಡು, ದಿನಾ ನಿನ್ನ ದಾರಿನೇ ನೋಡ್ಕೊಂಡು ಸತ್ತಿದೀನಿ ನಾನು. ನಿನ್ನನ್ನ ಪ್ರೀತಿಸೋದು ಒಂದು ದಿನಾನೂ ನಿಲ್ಲಿಸೋಕಾಗ್ಲಿಲ್ಲ."

ಅವನ ಚೀಲ ಹೆಗಲಿಂದ ಕೆಳಗಿಳಿಯಿತು.

"ತಪ್ಪಾಯ್ತು," ಎಂದ. "ಹೇಳ್ಬೇಕಿತ್ತು. ನಂಗೂ ನಿಲ್ಲಿಸೋಕಾಗ್ಲಿಲ್ಲ."

ಅಪ್ಪ ಎದ್ದು, ಕುಂಟುತ್ತಾ ಬಂದು, ಮಗಳ ಅಂಗೈಯ ಬೋಲ್ಟನ್ನು ಎತ್ತಿ ತಿರುಗಿಸಿ ನೋಡಿದರು.

"ಸರದಿ ಕೂಗಿದಾಗ ಬೇಗ ಬಾ, ಬೇಗ ಬಾ ಅಂತ ನಿನ್ನ ತಲೆ ತಿಂದೋನು ನಾನು," ಎಂದರು. "ಸೊಂಟ ನಂದು. ಕ್ಷಮಿಸೋನೂ ನಾನೇ. ಆಯ್ತು ಬಿಡು. ನಾಳೆ ಓಡಿಸೋನೂ ನಾನೇ, ಅದಕ್ಕೆ ಆ ಬೋಲ್ಟುಗಳನ್ನ ಇನ್ನೊಬ್ರು ನೋಡಿದ್ರೆ ಒಳ್ಳೇದು." ತಮ್ಮ ಮಾತು ಮುಗಿಯಿತೆಂಬಂತೆ ಕಾಫಿ ಹುಡುಕಿಕೊಂಡು ಒಳಗೆ ಹೋದರು.

ಎಸ್ತೆಲಾ ಸ್ಪ್ಯಾನರನ್ನು ಆಮಾದೋನ ಕೈಗೆ ಕೊಟ್ಟಳು. ಬೆಳಿಗ್ಗೆ ಮುಟ್ಟಬೇಡ ಎಂದಿದ್ದವಳು!

ಟಿಕ್, ಟಿಕ್... ಆರೂ ಬಿಗಿಯಾಗಿಯೇ ಇದ್ದವು. ಅವನು ಜೇಬಿಗೆ ಕೈ ಹಾಕಿ ಒಂದು ಪೆನ್ನು ತೆಗೆದ. ಮುಚ್ಚಳ ಬಿರುಕು ಬಿಟ್ಟ, ಹಸಿರು ಪೆನ್ನು.

"ಕಸದ ಬುಟ್ಟಿಗೆ ಕೈ ಹಾಕಿದ್ಯಾ?"

"ಹೂಂ. ನರ್ಸ್ ನನ್ನನ್ನ ಹುಚ್ಚ ಅಂದ್ಕೊಂಡ್ಲು." ಅವಳ ಹಳದಿ ಗೆರೆ ಒರೆಸಲು ಬಟ್ಟೆ ಎತ್ತಿಕೊಂಡ. ಅವಳು ಅವನ ಕೈ ಹಿಡಿದಳು.

"ಒರೆಸ್ಬೇಡ. ಪಕ್ಕದಲ್ಲೇ ಎಳಿ."

"ಒಂದು ಬೋಲ್ಟಿಗೆ ಒಂದೇ ಗೆರೆ ಅಲ್ವಾ ನಿಮ್ಮಪ್ಪನ ಕಾನೂನು?"

"ಇವತ್ತಿಂದ ಎರಡು."

ಅವನು ಎಳೆದ. ತಪಾಸಣೆಗೆ ಇನ್ನು ಅರ್ಧ ಗಂಟೆಯಿತ್ತು. ಅವಳು ಹಿಡಿದ ಕೈ ಬಿಟ್ಟಿರಲಿಲ್ಲ.

"ಟೆಕ್ಸಸ್?" ಎಂದಳು, ಉತ್ತರಕ್ಕೆ ಹೆದರುತ್ತಲೇ.

"ಫೋನ್ ಮಾಡಿ ಬರಲ್ಲ ಅಂತೀನಿ. ನಾಳೆ ಬೆಟ್ಟದ ಬುಡದಲ್ಲಿ ನೀನು ಮತ್ತೆ ಇದನ್ನೆಲ್ಲ ಬಿಚ್ಚಿ ಕೂತ್ರೆ?"

"ಬಿಚ್ಚಿದ್ರೆ ನೀನು ಪಕ್ಕದಲ್ಲಿ ನಿಂತು ಎಣಿಸು."

"ಆರರವರೆಗೂ?"

"ಆರರವರೆಗೂ."